ಹಸಿರಿನ ಕೆಳಗಿನ ನೀಲಿ

ಹನ್ನೊಂದನೆಯ ಕಂತು

"ಅಪ್ಪಾ, ದೀಪಾನ ಗೋಡೆಗೆ ಎದುರು ಹಿಡೀಬೇಡ. ಪಕ್ಕಕ್ಕೆ ಆನಿಸಿ ಹಿಡಿ. ಬೆಳಕು ಗೋಡೆ ಮೇಲೆ ತೆವಳ್ಕೊಂಡು ಹೋಗ್ಬೇಕು."

ಅಪ್ಪ ಉದ್ದ ತಂತಿಯ ದೀಪವನ್ನು ಪಕ್ಕಕ್ಕೆ ಸರಿಸಿ ಮೊಣಕಾಲೂರಿ ಕೂತರು. ಅಡ್ಡ ಬೆಳಕು ಚೆನ್ನಾಗಿ ಕಾಣಲೆಂದು ಪುಟ್ಟಿ ಚಾವಣಿಯ ಬಲ್ಬನ್ನು ಆಗಲೇ ಆರಿಸಿದ್ದಳು. ಹೊತ್ತು ಹನ್ನೆರಡಾಗಿದ್ದರೂ ಕಿಟಕಿಯ ಗಾಜಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿದ್ದರಿಂದ ಕೋಣೆ ಮಬ್ಬಾಗಿತ್ತು. ಬೆಳಕು ಪಕ್ಕದಿಂದ ಬಿದ್ದದ್ದೇ ತಡ, ಹಸಿರು ಗೋಡೆಯ ಉಬ್ಬುತಗ್ಗುಗಳೆಲ್ಲ ಎದ್ದು ಕೂತವು.

ನೆಲದಿಂದ ಎರಡಡಿ ಮೇಲೆ, ಅಂಗೈ ಅಗಲದ ಒಂದು ಉಬ್ಬು. ಅದರ ಸುತ್ತ ಬಣ್ಣಗಳ ಬಳೆಗಳು. ಹೊರಗೆ ಹಸಿರು, ಅದರೊಳಗೆ ನೀಲಿ, ಅದರೊಳಗೆ ಕೆನೆಬಣ್ಣ, ಎಲ್ಲಕ್ಕಿಂತ ಒಳಗೆ ಕೂದಲೆಳೆಯಷ್ಟು ಗುಲಾಬಿ.

"ಇದೇನಾ?" ಅಪ್ಪ ಕೇಳಿದರು.

"ಇದೇ."

ಮೂವತ್ತೊಂದು ವರ್ಷದ ಹಿಂದೆ ಯಾರೋ ಹಸುಗೂಸು ಪುಟ್ಟಿಯನ್ನು ಮರದ ಪೆಟ್ಟಿಗೆಯಲ್ಲಿ ಮಲಗಿಸಿ ಆಸ್ಪತ್ರೆ ಮುಂದಿನ ಬೆಂಚಿನ ಮೇಲೆ ಬಿಟ್ಟುಹೋಗಿದ್ದರು. ಆ ಪೆಟ್ಟಿಗೆಯ ಮಗ್ಗುಲಿಗೆ ಅಂಟಿಕೊಂಡು ಬಂದಿದ್ದ ಬಣ್ಣದ ಚಕ್ಕೆಯೊಂದೇ ಅವಳ ಹುಟ್ಟಿನ ಗುರುತು.

ಚಕ್ಕೆಯ ಮೇಲ್ಪದರ ನೀಲಿ, ಅದರ ಕೆಳಗೆ ಕೆನೆಬಣ್ಣ, ತಳದಲ್ಲಿ ಗುಲಾಬಿ. ಹಾಗಾಗಿ ಅವಳು ಇಷ್ಟು ದಿನ ಹುಡುಕಿದ್ದು ನೀಲಿ ಗೋಡೆಯನ್ನು. ಆ ನೀಲಿಯೋ, ಮೈತುಂಬ ಹಸಿರು ಹೊದ್ದುಕೊಂಡು ಇಲ್ಲಿ ಹಾಯಾಗಿ ಮಲಗಿತ್ತು.

ಮನೆ ಕೊಂಡ ಹಲ್ಲಿನ ಡಾಕ್ಟರಮ್ಮನಿಗೆ ಈ ನಡುಕೋಣೆ ಬೆಳ್ಳಗಾಗಬೇಕಿತ್ತು. "ಒಂದೇ ದಿನದಲ್ಲಿ ಬಳಿದುಬಿಡಮ್ಮ, ಏನಿದೆ ಅದ್ರಲ್ಲಿ," ಎಂದಿದ್ದರು. ಪುಟ್ಟಿ ನಕ್ಕು, "ಡಾಕ್ಟರೇ, ಹುಳುಕು ತೆಗೀದೆ ನೀವು ಹಲ್ಲಿನ ತೂತು ಮುಚ್ತೀರಾ?" ಎಂದಿದ್ದಳು.

ಹೊಳಪಿನ ಗೋಡೆಯಷ್ಟು ಹಟಮಾರಿ ಗೋಡೆ ಇನ್ನೊಂದಿಲ್ಲ. ಅದರ ಮೇಲೆ ನೇರವಾಗಿ ಹೊಸ ಬಣ್ಣ ಬಳಿದರೆ ಹಿಡಿಯುವುದೇ ಇಲ್ಲ. ಉಗುರು ತಾಗಿದರೂ ಸಿಪ್ಪೆಯಂತೆ ಸುಲಿದು ಬರುತ್ತದೆ. ಮೊದಲು ಸೋಪುನೀರಲ್ಲಿ ಕೆಳಗಿನಿಂದ ಮೇಲಕ್ಕೆ ತೊಳೆದು ಜಿಡ್ಡು ಬಿಡಿಸಬೇಕು. ಬರೀ ನೀರಲ್ಲಿ ಇನ್ನೊಮ್ಮೆ ಒರೆಸಿ ಒಣಗಲು ಬಿಡಬೇಕು. ಆಮೇಲೆ ಉಪ್ಪುಕಾಗದವನ್ನು ಒದ್ದೆ ಮಾಡಿಕೊಂಡು, ಮಿಂಚು ಸಾಯುವ ತನಕ ತಾಳ್ಮೆಯಿಂದ ಉಜ್ಜಬೇಕು. ಬಣ್ಣ ಕೀಳಬೇಕಾಗಿಲ್ಲ, ಅದರ ಜಂಬ ಇಳಿದರೆ ಸಾಕು.

ಮೊನ್ನೆ ನಾಲ್ಕೂ ಗೋಡೆ ತೊಳೆದಾಗಿತ್ತು. ಇವತ್ತು ಬೆಳಿಗ್ಗೆ ಕಿಟಕಿಯೆದುರಿನ ಈ ಗೋಡೆಗೆ ಉಪ್ಪುಕಾಗದ ಹಿಡಿದಿದ್ದಳು. ಕೈ ತನ್ನ ಪಾಡಿಗೆ ಸುತ್ತುತ್ತಿದ್ದಾಗ ಒಂದು ಕಡೆ ಎಡವಿದ ಹಾಗಾಯಿತು. ಉಬ್ಬಿದ್ದ ಜಾಗವಾದ್ದರಿಂದ ಅಲ್ಲಿ ಹಸಿರು ಬೇಗ ಸವೆದು ಕೆಳಗಿನ ಬಣ್ಣಗಳು ಒಂದೊಂದಾಗಿ ಮುಖ ತೋರಿಸಿದ್ದವು. ಕೈಚೀಲದಲ್ಲಿ ಸದಾ ಇರುತ್ತಿದ್ದ ಚಕ್ಕೆಯ ನಕ್ಷೆಯನ್ನು ತೆಗೆದು ಗೋಡೆಗೆ ಹಿಡಿದಿದ್ದಳು. ಚಿಕ್ಕವಳಿದ್ದಾಗ ಆ ಆಕಾರವನ್ನು ಅವಳು ಬಾತುಕೋಳಿ ಎನ್ನುತ್ತಿದ್ದಳು. ಕೊಕ್ಕಿಗೆ ಕೊಕ್ಕು, ಬಾಲಕ್ಕೆ ಬಾಲ ಸರಿಯಾಗಿ ಕೂತಿತ್ತು.

ಒದ್ದೆ ಕೈಯಲ್ಲೇ ಅಪ್ಪನಿಗೆ ಫೋನ್ ಮಾಡಿದ್ದಳು. "ಅಪ್ಪಾ, ಬಾತುಕೋಳಿ ಮನೆ ಸಿಕ್ತು."

ಅಪ್ಪ ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು ಓಡಿ ಬಂದಿದ್ದರು. ಬೆರಳಚ್ಚಿನ ವಿಭಾಗದಲ್ಲಿ ಮೂವತ್ತಾರು ವರ್ಷ ದುಡಿದು ನಿವೃತ್ತರಾದವರು. ಪೊಲೀಸರೆಲ್ಲ ಅವರನ್ನು ಕರೆಯುತ್ತಿದ್ದದ್ದೇ 'ಹೆಬ್ಬೆಟ್ಟು ಸಾಹೇಬರು' ಎಂದು. ಓದು ಬಾರದವರೆಂದು ಹೊಸಬರು ತಪ್ಪು ತಿಳಿದು ಬೈಸಿಕೊಂಡದ್ದೂ ಉಂಟು. ಆ ದಿನ ಬೆಳಿಗ್ಗೆ ಬೆಂಚಿನ ಮೇಲಿನ ಪೆಟ್ಟಿಗೆಯನ್ನು ಮೊದಲು ಕಂಡವರು ಅವರೇ. ಯಾರೂ ಹುಡುಕಿಕೊಂಡು ಬರಲಿಲ್ಲ. ಕಾಗದಪತ್ರವೆಲ್ಲ ಮುಗಿದ ಮೇಲೆ ಮಗು ಅವರ ಮನೆಗೇ ಬಂತು. 'ಪುಟ್ಟಿ' ಎಂದು ಕರೆದದ್ದು ಹಾಗೇ ಉಳಿದುಬಿಟ್ಟಿತು. ಅವಳು ಬಣ್ಣದ ಕೆಲಸಕ್ಕೆ ಇಳಿದಾಗ, "ಗೋಡೆಗೆ ಹಚ್ಚೋ ಪುಟ್ಟಿ ಯಾವುದು, ಹಚ್ಚಿಸೋ ಪುಟ್ಟಿ ಯಾವುದು?" ಎಂದು ಜೊತೆಯವರು ಗೋಳು ಹೊಯ್ದುಕೊಂಡಿದ್ದರು.

"ಆ ಪೆಟ್ಟಿಗೆ ಈ ಗೋಡೆಗೆ ಒರಗಿತ್ತು," ಪುಟ್ಟಿ ಬೆರಳಿಟ್ಟು ತೋರಿಸಿದಳು. "ನೀಲಿ ಬಣ್ಣ ಪೂರ್ತಿ ಒಣಗೋ ಮುಂಚೆ ಯಾರೋ ಒತ್ತಿ ಇಟ್ಟಿದಾರೆ. ಎಳೆದಾಗ ಮೂರೂ ಪದರ ಕಿತ್ಕೊಂಡು ಹೋಗಿದೆ. ಆಮೇಲೆ ಈ ಗುಂಡಿ ತುಂಬಿಸಿದಾರೆ. ಅದೂ ನಮ್ಮ ಪುಟ್ಟಿ ಅಲ್ಲ ಅಪ್ಪ, ಕಿಟಕಿ ಗಾಜು ಕೂರಿಸೋಕೆ ಬಳಸ್ತಾರಲ್ಲ, ಎಣ್ಣೆ ಹಾಕಿ ನಾದಿದ್ದು, ಅದು. ಕಲ್ಲಿನ ಹಾಗೆ ಗಟ್ಟಿಯಾಗಿದೆ."

"ಅಂದ್ರೆ ಬಣ್ಣದೋರು ತುಂಬಿಸಿದ್ದಲ್ಲ."

"ಕೈಗೆ ಸಿಕ್ಕಿದ್ದನ್ನ ಮೆತ್ತಿದಾರೆ. ನೋಡು, ಹೇಗೆ ಉಬ್ಬಿದೆ. ನಮ್ಮೋರಾಗಿದ್ರೆ ತಗಡಿನ ಪಟ್ಟಿ ಎಳೆದು ಸಮ ಮಾಡ್ತಿದ್ರು."

ಬೆಳಿಗ್ಗೆ ಪುಟ್ಟಿ ಕೇಳಿಕೊಂಡ ಮೇಲೆ ಡಾಕ್ಟರಮ್ಮ ಮನೆ ಮಾರಿದ ಮುದುಕರಿಗೆ ಫೋನ್ ಮಾಡಿ ಒಂದಿಷ್ಟು ವಿಷಯ ತಿಳಿದು ಹೇಳಿದ್ದರು. ಆ ವರ್ಷ ಇಲ್ಲಿ ಬಾಡಿಗೆಗೆ ಇದ್ದವರು ಮೂವರು. ಮುಂದಿನ ಕೋಣೆಯಲ್ಲಿ ವಾಚು ರಿಪೇರಿಯವನು. ಹಿಂದೆ ಟೈಪಿಂಗ್ ಹೇಳಿಕೊಡುತ್ತಿದ್ದ ಹೆಂಗಸು. ಈ ನಡುಕೋಣೆಯಲ್ಲಿ ಓದಲು ಬಂದಿದ್ದ ಒಬ್ಬ ಹುಡುಗಿ. ಅವಳ ಹೆಸರು ಮುದುಕರಿಗೆ ನೆನಪಿರಲಿಲ್ಲ.

"ವಾಚಿನೋನು ಅಲ್ಲ," ಅಪ್ಪ ಯೋಚಿಸುತ್ತ ಅಂದರು. "ಅವನಾಗಿದ್ರೆ ಚಾಕು ಹಿಡಿದು ನೀಟಾಗಿ ಮಾಡಿರೋನು. ಟೈಪಿಂಗ್ ಹೆಂಗಸಿರಬಹುದು. ಹುಡುಗಿನೂ ಇರಬಹುದು. ಇನ್ನೂ ಸ್ವಲ್ಪ ಉಜ್ಜು, ನೋಡೋಣ. ಮೆತ್ತಗೆ."

ಪುಟ್ಟಿ ಎಲ್ಲಕ್ಕಿಂತ ನುಣುಪಾದ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ, ಮಗುವಿನ ಮುಖ ಒರೆಸುವ ಹಾಗೆ ಉಬ್ಬಿನ ನಡುವೆ ಆಡಿಸಿದಳು. ಹಸಿರು ನೀರು ಸಣ್ಣಗೆ ಇಳಿಯಿತು. ಬಟ್ಟೆಯಿಂದ ಒತ್ತಿ ತೆಗೆದಳು. ಮತ್ತೆ ಉಜ್ಜಿದಳು. ಮತ್ತೆ ಒತ್ತಿದಳು.

ಗುಂಡಿಗೆ ಮೆತ್ತಿದ್ದ ಬಿಳಿಯ ಮೇಲೆ ಹಸಿರು ಗೆರೆಗಳು ಮೂಡಿದವು.

ಮೊದಲು ಬಿರುಕೆಂದುಕೊಂಡಳು. ಆದರೆ ಬಿರುಕು ಇಷ್ಟು ಅಚ್ಚುಕಟ್ಟಾಗಿ ಸುತ್ತುವುದಿಲ್ಲ. ಒಂದರೊಳಗೊಂದು, ಒಂದರೊಳಗೊಂದು, ನಡುವೆ ಒಂದು ಪುಟ್ಟ ಸುಳಿ. ಮೆತ್ತಗಿದ್ದಾಗ ಯಾರೋ ಹೆಬ್ಬೆರಳಿಂದ ಒತ್ತಿದ್ದರು. ಗಟ್ಟಿಯಾದ ಮೇಲೆ ಬಳಿದ ಹಸಿರು ಆ ಗೆರೆಗಳ ಸಂದಿಗೆ ಇಳಿದು ಕೂತಿತ್ತು. ಮೇಲಿನದ್ದು ಸವೆದು ಹೋಗಿ ಸಂದಿಯದ್ದು ಮಾತ್ರ ಉಳಿದಿತ್ತು.

"ಅಪ್ಪಾ!" ಪುಟ್ಟಿ ಕೂಗಿದಳು. "ನಿನ್ನ ಸಾಮಾನು ನನ್ನ ಗೋಡೇಲಿ ಸಿಕ್ತು ನೋಡು."

ಅಪ್ಪ ಜೇಬಿನಿಂದ ಭೂತಗನ್ನಡಿ ತೆಗೆದರು. ನಿವೃತ್ತರಾಗಿ ಎಂಟು ವರ್ಷವಾದರೂ ಅದು ಜೇಬು ಬಿಟ್ಟಿರಲಿಲ್ಲ. ಕನ್ನಡಿಯನ್ನು ಗೋಡೆಗೆ ಹಿಡಿದು ಒಂದು ಕಣ್ಣು ಮುಚ್ಚಿದರು.

ಅಪ್ಪ ನೋಡುತ್ತಲೇ ಇದ್ದರು. ಸೈಕಲ್ ಗಂಟೆಯ ಮೇಲಿದ್ದ ಕಾಲುಭಾಗ ಅಚ್ಚಿನಿಂದ ಕಳ್ಳನನ್ನು ಹಿಡಿಸಿದ ಮನುಷ್ಯ ಇವರು. ಇಷ್ಟು ದೊಡ್ಡ, ಇಷ್ಟು ಪೂರ್ತಿ ಅಚ್ಚಿಗೆ ಅರ್ಧ ನಿಮಿಷ ಸಾಕಿತ್ತು.

ದೀಪ ಹಿಡಿದ ಕೈ ಮೆಲ್ಲನೆ ಕೆಳಗಿಳಿಯಿತು.

"ಸ್ಪಷ್ಟ ಇಲ್ಲ ಪುಟ್ಟಿ," ಅಪ್ಪ ಎಂದರು. "ಅಳಿಸಿ ಹೋಗಿದೆ."

"ಏನು?"

"ಹಳೇದಾಗಿದೆ. ಏನೂ ಹೇಳೋಕೆ ಬರಲ್ಲ. ಬಿಡು, ಇದನ್ನ ಇಟ್ಕೊಂಡು ಏನೂ ಮಾಡೋಕಾಗಲ್ಲ. ಕೈ ತೊಳ್ಕೋ. ನಿಮ್ಮಮ್ಮಂಗೆ ಆಗಲೇ ಫೋನ್ ಮಾಡಿ ಬೀದಿ ಹೆಸರು ಮನೆ ಗುರುತು ಎಲ್ಲ ಹೇಳಿದೀನಿ, ಊಟ ಇಲ್ಲಿಗೇ ತರ್ತಾಳೆ."

ಪುಟ್ಟಿ ಅಲುಗಲಿಲ್ಲ. ಅಪ್ಪ ಕನ್ನಡಕ ತೆಗೆದು ಒರೆಸುತ್ತಿದ್ದರು. ಒರೆಸುತ್ತಿದ್ದದ್ದು ಅವಳ ಗೋಡೆ ಬಟ್ಟೆಯಿಂದ. ಗಾಜಿನ ತುಂಬ ಹಸಿರು ರಾಡಿ ಹರಡಿದರೂ ಅವರಿಗೆ ಅದರ ಪರಿವೆಯೇ ಇರಲಿಲ್ಲ.

"ಅಪ್ಪ, ನನ್ನ ಮುಖ ನೋಡಿ ಹೇಳು. ಅಳಿಸಿ ಹೋಗಿದ್ಯಾ?"

"ಹ್ಞೂಂ ಅಂದ್ನಲ್ಲ."

"ನನಗೇ ಬರಿಗಣ್ಣಿಗೆ ಗೆರೆ ಎಣಿಸೋಕೆ ಬರ್ತಿದೆ. ನಿನಗೆ ಭೂತಗನ್ನಡೀಲಿ ಕಾಣಲ್ವಾ?"

"ವಯಸ್ಸಾಯ್ತು ಕಣೇ."

"ನಿನ್ನೆ ಸೂಜಿಗೆ ದಾರ ಪೋಣಿಸಿದ್ದು ಯಾರು?"

ಅಪ್ಪ ಏಳಲು ನೋಡಿದರು. ಪುಟ್ಟಿ ಅವರ ತೋಳು ಹಿಡಿದಳು. ಜೋರಾಗಿ ಅಲ್ಲ. ರಸ್ತೆ ದಾಟುವಾಗ ಚಿಕ್ಕವಳು ಹಿಡಿಯುತ್ತಿದ್ದ ಹಾಗೆ.

"ನಿಂದಾ ಅದು?"

"ಏನಂದೆ?"

"ಆ ಬೆರಳು. ನಿಂದಾ? ನನ್ನ ಮೊದಲು ಕಂಡಿದ್ದು ಬೆಂಚಿನ ಮೇಲಾ, ಈ ಕೋಣೇಲಾ?"

ಅಪ್ಪನ ಮುಖ ಒಮ್ಮೆಗೇ ಸೊರಗಿತು. ಅವರು ಅವಳ ಡಬ್ಬಿಯಿಂದ ಒಂದು ಚೂರು ಹಸಿ ಪುಟ್ಟಿ ತೆಗೆದು, ಹಲಗೆಯ ತುಂಡಿಗೆ ಮೆತ್ತಿ, ಮೊದಲು ಬಲಗೈ, ಆಮೇಲೆ ಎಡಗೈ ಹೆಬ್ಬೆರಳು ಒತ್ತಿ ಅವಳ ಮುಂದೆ ಹಿಡಿದರು.

"ನೋಡ್ಕೋ. ನಂದು ಎರಡೂ ಕೊಂಡಿ. ಒಂದು ಕಡೆಯಿಂದ ಬಂದು ಬಾಗಿ ಅದೇ ಕಡೆಗೆ ವಾಪಸ್ ಹೋಗುತ್ತೆ. ಗೋಡೆ ಮೇಲಿರೋದು ಸುಳಿ. ನಿನ್ನಾಣೆ, ನಾನು ಈ ಮನೆಗೆ ಕಾಲಿಟ್ಟಿರೋದು ಇವತ್ತೇ ಮೊದಲು."

"ಅಳಿಸಿ ಹೋಗಿರೋ ಅಚ್ಚು ಸುಳಿ ಅಂತ ಹೇಗೆ ಗೊತ್ತಾಯ್ತು?"

ಅಪ್ಪ ಸಿಕ್ಕಿಬಿದ್ದರು. ಎಷ್ಟು ಜನರನ್ನು ಇದೇ ರೀತಿ ಮಾತಿನಲ್ಲಿ ಸಿಕ್ಕಿಸಿದ್ದರೋ, ಮಗಳಿಗೆ ಆ ವಿದ್ಯೆ ಕಲಿಸಿದವರೂ ಅವರೇ. ಗೋಡೆಗೆ ಒರಗಿ ಕೂತುಬಿಟ್ಟರು.

"ಎರಡು ದಿನ ಕೊಡು ಪುಟ್ಟಿ. ನಾನೇ ಹೇಳ್ತೀನಿ. ಮೊದಲು ನಾನು ಒಬ್ಬರ ಹತ್ರ ಮಾತಾಡ್ಬೇಕು."

"ಮೂವತ್ತೊಂದು ವರ್ಷ ಕಾದಿದೀನಿ ಅಪ್ಪ."

"ಅದಕ್ಕೇ ಕೇಳ್ತಿರೋದು, ಇನ್ನೆರಡೇ ದಿನ."

"ಯಾರನ್ನ ಕಾಪಾಡ್ತಿದೀಯಾ?"

ಕೇಳಿದ ಮೇಲೆ ಅವಳಿಗೇ ಆ ಪ್ರಶ್ನೆ ತಟ್ಟಿತು. ಅಪ್ಪ ಸಾಕ್ಷಿಕಟ್ಟೆಯಲ್ಲಿ ಸ್ವಂತ ಸಾಹೇಬರ ವಿರುದ್ಧವೇ ಹೇಳಿದವರು. ತಮ್ಮನ ಸ್ಕೂಟರಿಗೆ ದಂಡ ಹಾಕಿಸಿದವರು. ಆ ಮನುಷ್ಯನ ಬಾಯಲ್ಲಿ ಸುಳ್ಳು ಹೊರಡಿಸುವ ಬೆರಳು ಲೋಕದಲ್ಲಿ ಎಷ್ಟಿರಲು ಸಾಧ್ಯ?

ಅವಳೇ ದೀಪ ತೆಗೆದುಕೊಂಡು ಗೋಡೆಗೆ ಹಿಡಿದಳು. ಅಪ್ಪ "ಬೇಡ" ಎಂದರು. ಅದು ಅಪ್ಪಣೆಯಂತಿರಲಿಲ್ಲ, ಬೇಡಿಕೆಯಂತಿತ್ತು.

ಸುಳಿಯ ನಡುವೆ ಓರೆಯಾಗಿ ಒಂದು ಗೆರೆ. ಬೇರೆ ಗೆರೆಗಳಂತೆ ಬಾಗಿರಲಿಲ್ಲ. ನೇರವಾಗಿ, ಎಲ್ಲವನ್ನೂ ಕತ್ತರಿಸಿಕೊಂಡು ಹೋಗಿತ್ತು. ಹಳೆಯ ಗಾಯದ ಕಲೆ.

ಆ ಕಲೆಯನ್ನು ಅವಳು ಕಣ್ಣಿನಿಂದ ಗುರುತಿಸಲಿಲ್ಲ. ಹಣೆಯಿಂದ ಗುರುತಿಸಿದಳು. ಜ್ವರ ಬಂದಾಗ ಹುಬ್ಬುಗಳ ನಡುವೆ ಇಡೀ ದಿನ ಸವರುತ್ತಿದ್ದ ಹೆಬ್ಬೆರಳು. ನುಣ್ಣಗೆ ಸವರುತ್ತ ಸವರುತ್ತ ಒಂದು ಕಡೆ ಮಾತ್ರ ಒರಟಾಗಿ ತಾಗುತ್ತಿದ್ದ ಗೆರೆ. ನರ್ಸ್ ತರಬೇತಿಯ ಮೊದಲ ವಾರ ಇಂಜೆಕ್ಷನ್ನಿನ ಗಾಜಿನ ಕೊಳವೆ ಮುರಿಯುವಾಗ ಕೊಯ್ದುಕೊಂಡದ್ದು ಎಂದು ಆ ಬೆರಳಿನ ಒಡತಿ ಎಷ್ಟೋ ಸಲ ಕಥೆ ಹೇಳಿದ್ದಳು.

"ಅಮ್ಮ," ಪುಟ್ಟಿ ಉಸುರಿದಳು.

ಅಪ್ಪ ಎರಡೂ ಕೈಯಲ್ಲಿ ಮುಖ ಉಜ್ಜಿಕೊಂಡರು. "ನಂಗೂ ಈಗಲೇ ಗೊತ್ತಾಗಿದ್ದು ಕಣೇ. ಈ ಭೂತಗನ್ನಡೀಲಿ ನೋಡೋವಾಗಲೇ. ಮೂವತ್ತೈದು ವರ್ಷ ಆ ಕೈಲಿ ಉಂಡಿದೀನಿ, ತಪ್ಪು ಹೇಗೆ ಆಗುತ್ತೆ? ಒಂದು ಸಲ ತಪ್ಪಾಗಿರ್ಲಿ ಅಂತ ನಾಲ್ಕು ಸಲ ನೋಡ್ದೆ."

"ಅವಳು ಯಾವತ್ತೂ..."

"ಯಾವತ್ತೂ ಹೇಳ್ಲಿಲ್ಲ. ನನಗೂ ಹೇಳ್ಲಿಲ್ಲ."

ಬಕೆಟ್ಟಿನ ನೀರಲ್ಲಿ ಹಸಿರು ಪುಡಿ ಮೆಲ್ಲನೆ ತಳ ಸೇರುತ್ತಿತ್ತು. ಪುಟ್ಟಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎದುರಿಗೆ ಕೂತಿದ್ದ ಈ ಮನುಷ್ಯ, ಗುಂಡಿ ತಪ್ಪಿದ ಅಂಗಿಯಲ್ಲಿ, ಕನ್ನಡಕದ ತುಂಬ ರಾಡಿ ಮಾಡಿಕೊಂಡು, ಹೆಂಡತಿಗೂ ಮಗಳಿಗೂ ನಡುವೆ ಸಿಕ್ಕಿ ಒದ್ದಾಡುತ್ತಿದ್ದರು. ಅವರ ಕನ್ನಡಕ ತೆಗೆದುಕೊಂಡು ತನ್ನ ಅಂಗಿಯ ಒಳತುದಿಯಿಂದ ಒರೆಸಿ ವಾಪಸು ಹಾಕಿದಳು.

ಆಗ ಗೇಟಿನ ಸದ್ದಾಯಿತು.

ಯಾರೂ ಕರೆಯಲಿಲ್ಲ, ಯಾರೂ ದಾರಿ ಕೇಳಲಿಲ್ಲ. ಮುಂದಿನ ಕೋಣೆ ದಾಟಿ ಎಡಕ್ಕೆ ತಿರುಗಿ ಹೆಜ್ಜೆಗಳು ನೇರ ನಡುಕೋಣೆಗೇ ಬಂದವು. ಅರೆತೆರೆದ ಬಾಗಿಲ ಹಿಂದಕ್ಕೆ ಒಂದು ಕೈ ತೂರಿ, ಮೊಣಕೈ ಎತ್ತರದಲ್ಲಿದ್ದ ಸ್ವಿಚ್ಚನ್ನು ಒತ್ತಿತು. ಬಲ್ಬು ಹೊತ್ತಿಕೊಂಡಿತು. ಅಂಥ ಜಾಗದಲ್ಲಿರುವ ಆ ಸ್ವಿಚ್ಚನ್ನು ಹುಡುಕಲು ಪುಟ್ಟಿಗೆ ಮೊದಲ ದಿನ ಅರ್ಧ ಗಂಟೆ ಹಿಡಿದಿತ್ತು.

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಮನೆಯೊಳಗೆ ಹಾಕುವ ಚಪ್ಪಲಿ. ಅರ್ಧ ಬಾಚಿದ ಕೂದಲು. ಪಕ್ಕದ ಮನೆಗೂ ಬರಿಗೈಲಿ ಹೋಗದ ಅಮ್ಮನ ಕೈಲಿ ಊಟದ ಡಬ್ಬಿ ಇರಲಿಲ್ಲ.

ಅವಳು ಗೋಡೆ ನೋಡಿದಳು. ಬಣ್ಣದ ಬಳೆಗಳನ್ನು ನೋಡಿದಳು. ಹಲಗೆಯ ಮೇಲೆ ಅಪ್ಪ ಒತ್ತಿದ್ದ ಎರಡು ಹೆಬ್ಬೆರಳು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಫೋನಲ್ಲಿ ನೀವು ಬೀದಿ ಹೆಸರು ಹೇಳಿದಾಗಲೇ ಅಂದ್ಕೊಂಡೆ," ಎಂದು ಅಲ್ಲೇ ಹೊಸ್ತಿಲ ಬಳಿ ಕುಸಿದಳು.

ಅಪ್ಪನ ಬಾಯಿಂದ ಮೊದಲು ಬಂದದ್ದು ಪೊಲೀಸರ ಪ್ರಶ್ನೆಯಾಗಿರಲಿಲ್ಲ. "ಹಾಗಾದ್ರೆ ಆ ಬೆಂಚು?" ಎಂದರು, ಆಟಿಕೆ ಕಳೆದುಕೊಂಡವರ ಹಾಗೆ.

"ನೀವು ದಿನಾ ಬೆಳಿಗ್ಗೆ ಆರೂವರೆಗೆ ಅದರ ಮುಂದೇನೇ ಹೋಗ್ತಿದ್ರಿ."

"ನಾನೇ ಹುಡುಕಿದ್ದು ಅಂತ ಇಡೀ ಆಫೀಸಿಗೆ ಹೇಳ್ಕೊಂಡು ತಿರುಗಿದ್ನಲ್ಲೇ!"

"ನೀವೇ ಹುಡುಕಿದ್ದು ರೀ." ಅಮ್ಮನ ಕಣ್ಣು ತುಂಬಿತ್ತು, ಆದರೂ ತುಟಿಯಂಚಲ್ಲಿ ಸಣ್ಣ ನಗೆ. "ನಾನು ನಿಮ್ಮ ಕಣ್ಣಿಗೆ ಬೀಳೋ ಹಾಗೆ ಇಟ್ಟೆ ಅಷ್ಟೆ. ಪಕ್ಕದ ಮರದ ಹಿಂದೆ ನಿಂತಿದ್ದೆ. ಎತ್ಕೊಳ್ಳಿ ಅಂತ ನಾನು ಹೇಳ್ಲಿಲ್ಲ. ನೀವು ಟೋಪಿ ತೆಗೆದು ಪೆಟ್ಟಿಗೆ ಪಕ್ಕ ಇಟ್ರಿ, ಆಮೇಲೆ ಎರಡೂ ಕೈಲಿ ಎತ್ಕೊಂಡ್ರಿ. ಅಷ್ಟು ಹೊತ್ತೂ ನಾನು ಉಸಿರಾಡಿರ್ಲಿಲ್ಲ."

ಅಪ್ಪ ತಲೆ ತಗ್ಗಿಸಿದರು. ಅವರ ಭುಜ ಒಮ್ಮೆ ಅಲುಗಿತು.

ಪುಟ್ಟಿ ಮೊಣಕಾಲಲ್ಲೇ ಸರಿದು ಅಮ್ಮನ ಮುಂದೆ ಬಂದಳು. ಕೇಳಬೇಕಾದ ಪ್ರಶ್ನೆ ಒಂದೇ ಇತ್ತು. ಮೂವತ್ತೊಂದು ವರ್ಷ ಅದನ್ನು ಯಾರ ಹತ್ತಿರ ಕೇಳುವುದೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಗಿತ್ತು.

"ಅಮ್ಮ, ನೀನೇನಾ? ನನ್ನ ಹೆತ್ತಿದ್ದು ನೀನೇನಾ?"

ಅಮ್ಮ ಅವಳ ಮುಖವನ್ನು ಎರಡೂ ಅಂಗೈಯಲ್ಲಿ ಹಿಡಿದಳು. ಪುಟ್ಟಿಯ ಕೆನ್ನೆಯ ಹಸಿರು ಧೂಳು ಅವಳ ಬೆರಳಿಗೆ ಅಂಟಿತು.

"ಹಾಗಿದ್ದಿದ್ರೆ ಎಷ್ಟು ಚೆನ್ನಾಗಿರ್ತಿತ್ತು, ಕಂದಾ."

ಹೊರಗೆ ಯಾವುದೋ ಗಾಡಿ ಹಿಂದಕ್ಕೆ ಬರುತ್ತ ಕೀಂಯ್ ಕೀಂಯ್ ಎಂದು ಕೂಗಿ ಸುಮ್ಮನಾಯಿತು.

"ಇಂಜೆಕ್ಷನ್ ಕೊಡೋಕೆ ಅಂತ ಇಲ್ಲಿಗೆ ಬರ್ತಿದ್ದೆ," ಅಮ್ಮ ನಿಧಾನವಾಗಿ ಹೇಳಿದಳು. "ಈ ಕೋಣೆ ಹುಡುಗೀಗೆ. ಇಪ್ಪತ್ತು ಕೂಡ ತುಂಬಿರ್ಲಿಲ್ಲ ಅವಳಿಗೆ. ಯಾರಿಗೂ ಹೇಳಲ್ಲ ಅಂತ ಅವಳ ತಲೆ ಮುಟ್ಟಿ ಮಾತು ಕೊಟ್ಟಿದ್ದೆ. ಗೋಡೆ ಕಿತ್ಹೋಗಿದ್ದು ಮನೆಯೋರಿಗೆ ಗೊತ್ತಾದ್ರೆ ಕೇಳ್ತಾರಲ್ಲ ಅಂತ, ಕಿಟಕಿಗೆ ಮೆತ್ತಿ ಉಳಿದಿದ್ದನ್ನ ತಂದು ತುಂಬಿಸ್ದೆ. ಅವಸರದಲ್ಲಿ ಒರೆಸೋದು ಮರ್ತೆ."

ಅವಳು ಮಾತು ನಿಲ್ಲಿಸಿ ತಿರುಗಿದಳು. ತಾನು ಒರಗಿದ್ದ ಬಾಗಿಲ ಪಕ್ಕದ ಗೋಡೆಯನ್ನು ಗಾಬರಿಯಿಂದ ನೋಡಿದಳು.

"ಪುಟ್ಟೀ, ಈ ಗೋಡೆ ಉಜ್ಜಿದ್ಯಾ?"

"ಇಲ್ಲ. ತೊಳೆದಿದೀನಿ ಅಷ್ಟೆ. ಯಾಕೆ?"

"ಉಜ್ಜೋವಾಗ ಮೆತ್ತಗೆ ಉಜ್ಜು. ನೀಲಿ ಬಂದ ತಕ್ಷಣ ನಿಲ್ಸು." ಅಮ್ಮ ಹೊಳೆಯುವ ಹಸಿರಿನ ಮೇಲೆ ಅಂಗೈಯಿಟ್ಟಳು. "ಆ ನೀಲಿ ಮೇಲೆ ಅವಳು ಹೇರ್‌ಪಿನ್ನಲ್ಲಿ ನಿನ್ನ ಹೆಸರು ಗೀರಿದಾಳೆ. ನಾವು ಇಟ್ಟಿದ್ದಲ್ಲ. ಅವಳಿಟ್ಟಿದ್ದು."

ಪುಟ್ಟಿ ಅಮ್ಮನ ಅಂಗೈ ಪಕ್ಕ ತನ್ನ ಕೈಯಿಟ್ಟಳು. "ಗೀರೋವಾಗ ನೀನು ಇದ್ಯಾ?"

"ಇಲ್ಲ. ಆಗ ನನಗೆ ಗೊತ್ತೇ ಇರ್ಲಿಲ್ಲ."

"ಮತ್ತೆ ಹೇಗೆ ಗೊತ್ತಾಯ್ತು?"

ಅಮ್ಮ ಅಪ್ಪನ ಕಡೆ ಒಮ್ಮೆ ನೋಡಿದಳು. ಆಮೇಲೆ ಮಗಳ ಕಡೆ.

"ಹೋದ ಮಂಗಳವಾರ ಅವಳೇ ಹೇಳಿದ್ಲು."